ಮೈಕೆಲ್ ಜಾಕ್ಸನ್ ವಿಡಿಯೋಗಳು: ಗ್ಯಾದರಿಂಗ್ ತಂಡಗಳಿಗೂ ಆಲ್ಬಂ ಸಾಂಗ್ ಮಾಡುವವರಿಗೂ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಗ್ಯಾದರಿಂಗ್ (ವಾರ್ಷಿಕ ಸಮಾರಂಭ) ಹತ್ತಿರ ಬಂತೆಂದರೆ ಒಂದಾದರೂ ತಂಡ ಮೈಕೆಲ್ ಜಾಕ್ಸನ್ ಹಾಡು ಎತ್ತಿಕೊಳ್ಳುತ್ತದೆ. ಟೋಪಿ, ಬಿಳಿ ಕಾಲುಚೀಲ, ಒಂದು ಕೈಗೆ ಗ್ಲೌಸ್, ಬಾಡಿಗೆ ಡ್ರೆಸ್ ಅಂಗಡಿಯಿಂದ ಮಿರಮಿರ ಮಿಂಚುವ ಜಾಕೆಟ್. ಇನ್ನೊಂದು ಕಡೆ ಇದೇ ಜಿಲ್ಲೆಗಳ ಹುಡುಗರು ಜಾನಪದ ಆಲ್ಬಂ ಸಾಂಗ್, ರ‍್ಯಾಪ್ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಈ ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಜಾಕ್ಸನ್‌ನ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ ಪುಕ್ಕಟೆ ಸಿಗುವ ವಿಡಿಯೋಗಳನ್ನು ಇಲ್ಲಿ ತೂಗಿ ನೋಡಲಾಗಿದೆ.

ತೂಗುವ ಅಳತೆ ಒಂದೇ. ಈ ಮನುಷ್ಯ ಸುಮಾರು ಹದಿಮೂರು ವರ್ಷದಲ್ಲಿ ಆಫ್ರಿಕಾದವರು, ಥಾಯ್ ನರ್ತಕಿಯರು, ಅಮೆರಿಕದ ಮೂಲನಿವಾಸಿಗಳು, ಒಡಿಶಾದ ಒಡಿಸ್ಸಿ ನೃತ್ಯದ ಕಲಾವಿದೆ, ಬ್ರೆಜಿಲ್‌ನ ಡೋಲಿನವರು, ಲಾಸ್ ಏಂಜಲೀಸ್‌ನ ಗಲ್ಲಿ ಗ್ಯಾಂಗಿನವರು ಹೀಗೆ ಬಗೆಬಗೆಯ ಜನರನ್ನು ಪರದೆಗೆ ತಂದ. ತಂದ ಮೇಲೆ ಅವರಿಗೆ ಏನು ಕೆಲಸ ಕೊಟ್ಟ? ತನ್ನ ಹಿಂದೆ ನಿಲ್ಲಿಸಿಕೊಂಡನೋ, ಅವರ ತಾಳಕ್ಕೆ ತಾನು ಕುಣಿದನೋ? ಈ ಪ್ರಶ್ನೆ ಹಿಡಿದು ನೋಡಿದರೆ ಎಲ್ಲರೂ ಹೊಗಳುವ ‘ಬ್ಲ್ಯಾಕ್ ಆರ್ ವೈಟ್’ ಎರಡನೇ ಸಾಲಿಗೆ ಹೋಗುತ್ತದೆ, ‘ದೇ ಡೋಂಟ್ ಕೇರ್ ಅಬೌಟ್ ಅಸ್’ ಹಾಡಿನ ಬ್ರೆಜಿಲ್ ವಿಡಿಯೋ ಮೊದಲ ಸಾಲಿಗೆ ಬರುತ್ತದೆ. ಒಂದೇ ವಿಡಿಯೋ ನೋಡುವಷ್ಟು ಹೊತ್ತಿದ್ದರೆ ಅದನ್ನೇ ನೋಡಿ.

ಹುಡುಕುವಾಗ ಆಗುವ ದೊಡ್ಡ ತೊಂದರೆ ಮೊಟಕು ಆವೃತ್ತಿಗಳದ್ದು. ಒಂದೇ ಹಾಡಿಗೆ ಎರಡು ಮೂರು ವಿಡಿಯೋ ಇರುತ್ತವೆ. ಹೆಸರು ನೋಡಿ ಒತ್ತಬೇಡಿ, ಕೆಳಗಿನ ಮೂಲೆಯ ನಿಮಿಷ ನೋಡಿ. ‘ಬ್ಯಾಡ್’ ಪೂರ್ತಿ ಇದ್ದರೆ 18 ನಿಮಿಷ; ನಾಲ್ಕು ನಿಮಿಷವೆಂದು ತೋರಿಸಿದರೆ ಕಥೆಯೆಲ್ಲ ಹೋಗಿ ಕುಣಿತ ಮಾತ್ರ ಉಳಿದಿದೆ ಎಂದರ್ಥ. ‘ಥ್ರಿಲ್ಲರ್’ 14 ನಿಮಿಷಕ್ಕೆ ಸ್ವಲ್ಪ ಕಡಿಮೆ. ‘ಬ್ಲ್ಯಾಕ್ ಆರ್ ವೈಟ್’ ಪೂರ್ತಿ ಸುಮಾರು 11 ನಿಮಿಷ, ‘ರಿಮೆಂಬರ್ ದ ಟೈಮ್’ 9 ನಿಮಿಷದಷ್ಟು. ಜಾಕ್ಸನ್ ಇವನ್ನು ವಿಡಿಯೋ ಎಂದು ಕರೆಯಲು ಒಪ್ಪುತ್ತಿರಲಿಲ್ಲ, ಕಿರುಚಿತ್ರವೆಂದೇ ಹೇಳುತ್ತಿದ್ದ. ಪೂರ್ತಿ ನೋಡಿದವರಿಗೆ ಅದು ಸರಿಯೆನಿಸುತ್ತದೆ.

ಮೊದಲಿಗೆ ‘ಬಿಲ್ಲಿ ಜೀನ್’. 1983ರ ಆರಂಭದ್ದು, ನಿರ್ದೇಶಕ ಸ್ಟೀವ್ ಬ್ಯಾರನ್. ಇದನ್ನು ನೋಡುವ ಮೊದಲು ಆಗಿನ ಪರಿಸ್ಥಿತಿ ತಿಳಿದಿರಬೇಕು. ಎಂಟಿವಿ 1981ರ ಆಗಸ್ಟ್ 1ರಂದು ಶುರುವಾದ, ಹಾಡಿನ ವಿಡಿಯೋಗಳನ್ನು ಹಾಕುವ ಅಮೆರಿಕದ ಟಿವಿ ಚಾನೆಲ್. ‘ನಮ್ಮದು ರಾಕ್ ಸಂಗೀತ’ ಎಂಬ ಕಾರಣ ಕೊಟ್ಟು ಕಪ್ಪು ಕಲಾವಿದರ ವಿಡಿಯೋಗಳನ್ನು ಅದು ಅಪರೂಪಕ್ಕೆ ಮಾತ್ರ ಹಾಕುತ್ತಿತ್ತು. ಜಾಕ್ಸನ್ ಹಾಡುಗಳನ್ನು ಹೊರತರುತ್ತಿದ್ದ ಸಿಬಿಎಸ್ ರೆಕಾರ್ಡ್ಸ್‌ನ ಮುಖ್ಯಸ್ಥ ವಾಲ್ಟರ್ ಯೆಟ್ನಿಕಾಫ್, ಇದನ್ನು ಹಾಕದಿದ್ದರೆ ತಮ್ಮ ಕಂಪನಿಯ ಎಲ್ಲ ವಿಡಿಯೋ ವಾಪಸ್ ಪಡೆಯುತ್ತೇವೆ ಎಂದು ಗದರಿಸಿದರು ಎಂಬ ಮಾತು ಪ್ರಸಿದ್ಧ. ಎಂಟಿವಿಯ ಹಳಬರು ಅದನ್ನು ಒಪ್ಪುವುದಿಲ್ಲ. ಹೇಗೇ ಆಗಿರಲಿ, ಇದಾದ ಮೇಲೆ ಆ ಬಾಗಿಲು ತೆರೆಯಿತು, ಮತ್ತೆ ಮುಚ್ಚಲಿಲ್ಲ.

ವಿಡಿಯೋದಲ್ಲಿ ಕುಣಿತ ಕಡಿಮೆಯೇ. ಗುಲಾಬಿ ಅಂಗಿ, ಕೆಂಪು ಬೋ ಟೈ ತೊಟ್ಟ ಹುಡುಗ ರಾತ್ರಿಯ ಬೀದಿಯಲ್ಲಿ ನಡೆಯುತ್ತಾನೆ, ಅವನ ಕಾಲು ಬಿದ್ದ ಕಲ್ಲುಹಾಸು ಬೆಳಗುತ್ತದೆ. ದಾರಿ ಪಕ್ಕದ ಭಿಕ್ಷುಕನಿಗೆ ನಾಣ್ಯ ಚಿಮ್ಮಿದರೆ ಅವನ ಹರಕು ಬಟ್ಟೆ ಬಿಳಿ ಸೂಟಾಗುತ್ತದೆ. ಬೆಳಕಿನ ಕಲ್ಲು ಕಂಪ್ಯೂಟರಿನ ಕೈಚಳಕವಲ್ಲ, ನೆಲದ ಕೆಳಗೆ ದೀಪ ಕೂರಿಸಿ ಒಂದೊಂದನ್ನೂ ಸ್ವಿಚ್‌ನಿಂದ ಹೊತ್ತಿಸಿದ್ದು. ನಮ್ಮಲ್ಲಿ ಎಲ್‌ಇಡಿ ಫ್ಲೋರ್ ಬಾಡಿಗೆಗೆ ತಂದು ಇದನ್ನು ಮಾಡಲು ಹೋಗುವವರು ಎಡವುವುದು ಒಂದೇ ಕಡೆ: ಎಲ್ಲ ಹಾಸನ್ನೂ ಒಟ್ಟಿಗೆ ಮಿನುಗಿಸುತ್ತಾರೆ. ಕಾಲಿಟ್ಟ ಹಾಸು ಮಾತ್ರ ಹೊತ್ತಿ, ಉಳಿದದ್ದು ಕತ್ತಲಿದ್ದರೆ ಮಾತ್ರ ನೋಡುವವರ ಕಣ್ಣು ಪಾದಕ್ಕೆ ಹೋಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ. ಮೂನ್‌ವಾಕ್ (ಮುಂದೆ ನಡೆದಂತೆ ಕಂಡರೂ ಹಿಂದಕ್ಕೆ ಜಾರುವ ಹೆಜ್ಜೆ) ಹುಡುಕಿಕೊಂಡು ಈ ವಿಡಿಯೋಕ್ಕೆ ಬರುವವರಿಗೆ ಅದು ಇಲ್ಲಿ ಸಿಗುವುದಿಲ್ಲ. ಜಾಕ್ಸನ್ ಅದನ್ನು ಮೊದಲು ತೋರಿಸಿದ್ದು ಮೋಟೌನ್ ಎಂಬ ಸಂಗೀತ ಕಂಪನಿಯ 25ನೇ ವರ್ಷದ ವೇದಿಕೆ ಕಾರ್ಯಕ್ರಮದಲ್ಲಿ. 1983ರ ಮಾರ್ಚ್‌ನಲ್ಲಿ ಚಿತ್ರೀಕರಣ, ಮೇ ತಿಂಗಳಲ್ಲಿ ಟಿವಿಯಲ್ಲಿ ಪ್ರಸಾರ. ಆ ಹೆಜ್ಜೆಯನ್ನು ಹುಟ್ಟಿಸಿದವನೂ ಜಾಕ್ಸನ್ ಅಲ್ಲ. ಕಪ್ಪು ಜನರ ಬೀದಿ ಕುಣಿತದಲ್ಲಿ ಅದು ಮೊದಲೇ ಇತ್ತು, ಜೆಫ್ರಿ ಡೇನಿಯಲ್ ಎಂಬ ನರ್ತಕ 1982ರಲ್ಲೇ ಬ್ರಿಟನ್ನಿನ ಟಿವಿಯಲ್ಲಿ ಮಾಡಿ ತೋರಿಸಿದ್ದ. ಅದೇ ಡೇನಿಯಲ್ ಮುಂದೆ ‘ಬ್ಯಾಡ್’, ‘ಸ್ಮೂತ್ ಕ್ರಿಮಿನಲ್’ ವಿಡಿಯೋಗಳ ನೃತ್ಯ ಸಂಯೋಜನೆಯಲ್ಲಿ ಕೈಜೋಡಿಸಿದ. ಹೆಜ್ಜೆ ಯಾರಿಂದ ಬಂತೋ ಅವರನ್ನೇ ಕರೆದು ಕೆಲಸ ಕೊಡುವ ಈ ರೂಢಿ ಗಮನಿಸತಕ್ಕದ್ದು. ಕಲಿಯುವವರಿಗೆ: ಮಡಚಿದ ಕಾಲಿನ ತುದಿಬೆರಳ ಮೇಲೆ ಪೂರ್ತಿ ಭಾರ, ಇನ್ನೊಂದು ಪಾದ ನೆಲಕ್ಕೆ ಅಂಟಿಕೊಂಡೇ ಹಿಂದಕ್ಕೆ. ಭಾರ ಎರಡೂ ಕಾಲಿಗೆ ಹಂಚಿದರೆ ಜಾರುವುದಿಲ್ಲ. ಸ್ಟೇಜಿನ ಮೇಲೆ ಜಮಖಾನ ಅಥವಾ ಮ್ಯಾಟ್ ಹಾಸಿದ್ದರೆ ಆಸೆ ಬಿಡಿ. ಆ ಒಂದು ಐಟಂಗಾದರೂ ಅದನ್ನು ಸುತ್ತಿಸಿ ಪ್ಲೈವುಡ್ ಬಯಲಾಗಿಸಬೇಕು. ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಶೂ ಹಿಡಿಯುತ್ತದೆ, ಚರ್ಮದ ನುಣುಪು ಅಟ್ಟೆಯೇ ಬೇಕು.

‘ಬೀಟ್ ಇಟ್’ (1983, ನಿರ್ದೇಶಕ ಬಾಬ್ ಜಿರಾಲ್ಡಿ) ಎರಡು ಗ್ಯಾಂಗುಗಳ ಜಗಳದ ಕಥೆ. ಲಾಸ್ ಏಂಜಲೀಸ್‌ನ ಬಡ ಬೀದಿಯಲ್ಲೇ ಚಿತ್ರೀಕರಿಸಿ, ನರ್ತಕರ ಜೊತೆಗೆ ಅಲ್ಲಿನ ನಿಜವಾದ ಗ್ಯಾಂಗುಗಳ ಸದಸ್ಯರನ್ನೂ ಸಂಬಳ ಕೊಟ್ಟು ನಿಲ್ಲಿಸಿದರು. ಮಣಿಕಟ್ಟು ಕಟ್ಟಿಕೊಂಡು ಚಾಕು ಬೀಸುವ ಇಬ್ಬರು ನಾಯಕರಲ್ಲಿ ಬಿಳಿ ಜಾಕೆಟ್‌ನವನು ಸ್ವತಃ ನೃತ್ಯ ಸಂಯೋಜಕ ಮೈಕೆಲ್ ಪೀಟರ್ಸ್. ಗಿಟಾರ್ ಸೋಲೊ ಎಡ್ಡಿ ವ್ಯಾನ್ ಹೇಲನ್‌ದು. ಕಪ್ಪು ಗಾಯಕನ ಹಾಡಿನಲ್ಲಿ ಬಿಳಿಯರ ಹಾರ್ಡ್ ರಾಕ್ ಗಿಟಾರ್ ಬಂದದ್ದರಿಂದ ಎರಡೂ ಕಡೆಯ ರೇಡಿಯೋಗಳು ಅದನ್ನು ಹಾಕಲೇಬೇಕಾಯಿತು. ಮುಖಗಳನ್ನು ನೋಡಿ: ಗೋಡೆಗೆ ಒರಗಿ ನಿಂತವರಲ್ಲಿ ಯಾರು ನರ್ತಕ, ಯಾರು ಅಲ್ಲವೆಂದು ಭುಜ ನೋಡಿದರೆ ತಿಳಿಯುತ್ತದೆ. ನರ್ತಕನ ಭುಜ ಸಡಿಲ, ಗಲ್ಲಿಯವನದು ಬಿಗಿ. ಅದನ್ನು ನಟನೆಯಿಂದ ತರುವುದು ಕಷ್ಟ. ನಿಮಿಷಕ್ಕೆ ಸುಮಾರು 139 ಬಡಿತದ ವೇಗದ ಹಾಡಿದು. ಗ್ಯಾದರಿಂಗ್ ತಂಡಗಳು ನೇರ ಪೂರ್ತಿ ವೇಗದಲ್ಲಿ ಕಲಿಯಲು ಹೋಗುತ್ತವೆ, ಕೈ ಪೂರ್ತಿ ಚಾಚುವ ಮೊದಲೇ ಮುಂದಿನ ಎಣಿಕೆ ಬಂದು ಎಲ್ಲರ ಮೊಳಕೈ ಮಡಚಿಕೊಳ್ಳುತ್ತದೆ. ಅರ್ಧ ವೇಗ, ಮುಕ್ಕಾಲು ವೇಗ, ಆಮೇಲೆ ಪೂರ್ತಿ. ಪ್ರತಿ ಹಂತದಲ್ಲೂ ಎಂಟರ ಎಣಿಕೆ ಬಾಯಿಬಿಟ್ಟು ಹೇಳಬೇಕು.

‘ಥ್ರಿಲ್ಲರ್’ ಬಗ್ಗೆ ಹೊಸದಾಗಿ ಹೇಳುವುದು ಹೆಚ್ಚಿಲ್ಲ. 1983ರ ಡಿಸೆಂಬರ್, ನಿರ್ದೇಶಕ ಜಾನ್ ಲ್ಯಾಂಡಿಸ್, ಮೇಕಪ್ ರಿಕ್ ಬೇಕರ್. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದ ಮೊದಲ ಮ್ಯೂಸಿಕ್ ವಿಡಿಯೋ. ಅವನು ಯಾವ ಜನರವನು ಎಂಬ ಮಾತಿಗೆ ಬಂದರೆ ಮೊದಲಲ್ಲೇ ಬರುವ ಬರಹದ ಫಲಕ ಮುಖ್ಯ. ತನ್ನ ವೈಯಕ್ತಿಕ ನಂಬಿಕೆಯ ಕಾರಣದಿಂದ ಈ ಚಿತ್ರ ಮಾಟಮಂತ್ರವನ್ನು ಒಪ್ಪುವುದಿಲ್ಲ ಎಂದು ಜಾಕ್ಸನ್ ಹಾಕಿಸಿದ್ದು. ಆಗ ಅವನು ಯೆಹೋವನ ಸಾಕ್ಷಿಗಳ ಕ್ರೈಸ್ತ ಪಂಥದವನು, ಮನೆ ಮನೆ ತಿರುಗಿ ಧರ್ಮದ ಪುಸ್ತಕ ಹಂಚುವ ಮನೆತನದ ಹುಡುಗ. ದೆವ್ವದ ವೇಷ ಹಾಕಿದ್ದಕ್ಕೆ ತನ್ನವರಿಗೇ ಉತ್ತರ ಹೇಳಬೇಕಾಗಿತ್ತು.

‘ಬ್ಯಾಡ್’ (1987) ಪೂರ್ತಿ 18 ನಿಮಿಷ ಕೂತು ನೋಡಬೇಕಾದದ್ದು. ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನ, ರಿಚರ್ಡ್ ಪ್ರೈಸ್ ಕಥೆ. ದೂರದ ಶ್ರೀಮಂತರ ಶಾಲೆಯಲ್ಲಿ ಓದುವ ಕಪ್ಪು ಹುಡುಗ ರಜೆಗೆ ಓಣಿಗೆ ವಾಪಸ್ ಬರುತ್ತಾನೆ. ಶಾಲೆಯಲ್ಲಿ ಅವನು ಬಡ ಓಣಿಯವನು, ಓಣಿಯಲ್ಲಿ ಶಾಲೆಯವನು. ಹಳೆಯ ಗೆಳೆಯರು ‘ನೀನು ಇನ್ನೂ ನಮ್ಮವನೇನು’ ಎಂದು ಪರೀಕ್ಷೆಗೆ ಇಡುತ್ತಾರೆ. ಅವರಲ್ಲಿ ಮುಂದಾಳು ವೆಸ್ಲಿ ಸ್ನೈಪ್ಸ್, ಆಗಿನ್ನೂ ಹೆಸರಿಲ್ಲದ ನಟ. ಈ ಭಾಗವೆಲ್ಲ ಕಪ್ಪು ಬಿಳುಪು. ಬ್ರೂಕ್ಲಿನ್‌ನ ನೆಲದಡಿಯ ರೈಲು ನಿಲ್ದಾಣದಲ್ಲಿ ಕುಣಿತ ಶುರುವಾದಾಗ ಮಾತ್ರ ಬಣ್ಣ. ಇಂಡಿಯಲ್ಲೋ ಹುನಗುಂದದಲ್ಲೋ ಹುಟ್ಟಿ ಬೆಂಗಳೂರಿನಲ್ಲಿ ಓದಿ ಊರಿಗೆ ಬಂದಾಗ ‘ಭಾಷಾ ಬದಲಾಗೇತಿ ನಿಂದು’ ಎಂದು ಕೇಳಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ನಿಮಿಷದ ಆವೃತ್ತಿ ನೋಡಿದವರಿಗೆ ಇದು ಬರೀ ಬೆಲ್ಟು ಬಕಲಿನ ಗತ್ತಿನ ಹಾಡು. ಕಥೆ ಬಿಟ್ಟು ಕುಣಿತ ಕಲಿಸುವ ಮಾಸ್ತರರು ಮಕ್ಕಳಿಗೆ ಮೊದಲು ಪೂರ್ತಿ ತೋರಿಸಲಿ. ಮುಖಭಾವ ತಾನೇ ಬದಲಾಗುತ್ತದೆ.

‘ಸ್ಮೂತ್ ಕ್ರಿಮಿನಲ್’ (1988) ಬಗ್ಗೆ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗಬೇಕು. ಇಡೀ ದೇಹ ನೆಟ್ಟಗಿಟ್ಟು 45 ಡಿಗ್ರಿ ಮುಂದಕ್ಕೆ ಬಾಗುವ ಭಂಗಿಯನ್ನು ವಿಡಿಯೋದಲ್ಲಿ ತಂತಿ ಕಟ್ಟಿ ಮಾಡಿದ್ದು. ವೇದಿಕೆಗಾಗಿ ಆಮೇಲೆ ಬೂಟನ್ನೇ ರೂಪಿಸಿ 1993ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು: ಹಿಮ್ಮಡಿಯಲ್ಲಿ ಒಂದು ಸೀಳು, ವೇದಿಕೆಯಿಂದ ಮೇಲೇಳುವ ಮೊಳೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಚಂಡೀಗಡದ ಪಿಜಿಐ ಆಸ್ಪತ್ರೆಯ ನರಶಸ್ತ್ರ ವೈದ್ಯರು 2018ರಲ್ಲಿ ಈ ಬಗ್ಗೆಯೇ ಲೇಖನ ಬರೆದು, ತರಬೇತಾದ ಬಲಿಷ್ಠ ನರ್ತಕ ಕೂಡ ಆಸರೆಯಿಲ್ಲದೆ 25ರಿಂದ 30 ಡಿಗ್ರಿ ದಾಟುವುದು ಕಷ್ಟ, ಹೊಡೆತವೆಲ್ಲ ಹಿಮ್ಮಡಿಯ ಸ್ನಾಯುರಜ್ಜುವಿಗೆ ಬೀಳುತ್ತದೆ ಎಂದು ತೋರಿಸಿದ್ದಾರೆ. ಶೂಗೆ ಮೊಳೆ ಹೊಡೆದು ಪ್ಲೈವುಡ್‌ಗೆ ಸಿಕ್ಕಿಸುವ ಪ್ರಯೋಗ ಖಂಡಿತ ಬೇಡ. ಪ್ಲೈವುಡ್ ಕಿತ್ತರೆ ಮುಖ ನೇರ ನೆಲಕ್ಕೆ.

ಈಗ ‘ಬ್ಲ್ಯಾಕ್ ಆರ್ ವೈಟ್’. 1991ರ ನವೆಂಬರ್ 14ರಂದು 27 ದೇಶಗಳಲ್ಲಿ ಒಟ್ಟಿಗೆ ಬಿಡುಗಡೆಯಾಯಿತು, ನೋಡಿದವರು ಸುಮಾರು 50 ಕೋಟಿ ಎಂಬ ಅಂದಾಜು. ನಿರ್ದೇಶಕ ಮತ್ತೆ ಜಾನ್ ಲ್ಯಾಂಡಿಸ್. ಜೋರಾಗಿ ಹಾಡು ಹಾಕಿದ ಹುಡುಗನಿಗೆ ಅಪ್ಪ ಬೈಯುತ್ತಾನೆ. ಹುಡುಗ ಗಿಟಾರಿನ ಒಂದೇ ಏಟಿಗೆ ಅಪ್ಪನನ್ನು ಕುರ್ಚಿ ಸಮೇತ ಆಫ್ರಿಕಾಕ್ಕೆ ಹಾರಿಸುತ್ತಾನೆ. ಅಲ್ಲಿಂದ ಜಾಕ್ಸನ್ ಆಫ್ರಿಕಾದ ಬೇಟೆಗಾರರ ಜೊತೆ, ಥಾಯ್ ನರ್ತಕಿಯರ ಜೊತೆ, ಅಮೆರಿಕದ ಮೂಲನಿವಾಸಿಗಳ ಜೊತೆ, ವಾಹನ ಓಡಾಡುವ ರಸ್ತೆ ನಡುವೆ ಒಡಿಸ್ಸಿ ಕಲಾವಿದೆಯ ಜೊತೆ, ಹಿಮದಲ್ಲಿ ರಷ್ಯದ ಕುಣಿತಗಾರರ ಜೊತೆ ಹೆಜ್ಜೆ ಹಾಕುತ್ತಾನೆ.

ಒಡಿಸ್ಸಿಯ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಕಲಾವಿದೆ ಯಮುನಾ ಸಂಗರಶಿವಂ, ಶ್ರೀಲಂಕಾ ತಮಿಳು ಮೂಲದವರು. ಅವರ ಕೈ ಮತ್ತು ಕತ್ತಿನ ಚಲನೆಯನ್ನು ಜಾಕ್ಸನ್ ಶ್ರದ್ಧೆಯಿಂದ ಅನುಸರಿಸುತ್ತಾನೆ, ಅದರಲ್ಲಿ ಉಡಾಫೆ ಇಲ್ಲ. ಆದರೆ ಅವರು ಕುಣಿಯುತ್ತಿರುವುದು ಯಾವ ತಾಳಕ್ಕೆ? ಅವನ ಗಿಟಾರಿಗೆ. ಒಡಿಸ್ಸಿಯ ಚರ್ಮವಾದ್ಯ ಮರ್ದಳವಿಲ್ಲ, ಬಾಯಿತಾಳವಿಲ್ಲ. ಚೌಕ, ತ್ರಿಭಂಗಿ ಎಂಬ ಒಡಿಸ್ಸಿಯ ಎರಡು ಮೂಲ ನಿಲುವುಗಳು ಕೂತು ಅರಳಲು ಕೊಂಚ ಹೊತ್ತು ಬೇಕು; ಇಲ್ಲಿ ಸಿಗುವುದು ಕೆಲವೇ ಸೆಕೆಂಡು. ಥಾಯ್ ನರ್ತಕಿಯರ ಕಥೆಯೂ ಅದೇ, ಮೂಲನಿವಾಸಿಗಳದೂ ಅದೇ. ಎಲ್ಲರೂ ತಂತಮ್ಮ ವೇಷದಲ್ಲಿ ಬಂದು ಒಂದೇ ಹಾಡಿಗೆ ಕುಣಿದು ಹೋಗುತ್ತಾರೆ. ಆಗಸ್ಟ್ 15ಕ್ಕೆ ಶಾಲೆಗಳಲ್ಲಿ ಹತ್ತು ಮಕ್ಕಳಿಗೆ ಹತ್ತು ರಾಜ್ಯದ ವೇಷ ಹಾಕಿಸಿ ಸಾಲಾಗಿ ನಿಲ್ಲಿಸಿದ ಹಾಗೆ. ಉದ್ದೇಶ ಒಳ್ಳೆಯದೇ, ನೋಡಲು ಸೊಗಸು, ಆ ಜನರ ಬಗ್ಗೆ ತಿಳಿಯುವುದು ಮಾತ್ರ ಏನೂ ಇಲ್ಲ.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ. ಎರಡು ಭಾಗಗಳು ಇವತ್ತಿಗೂ ಬಲವಾಗಿವೆ. ಒಂದು, ಕೊನೆಯಲ್ಲಿ ಒಂದು ಮುಖ ಇನ್ನೊಂದಾಗಿ ಕರಗುವ ದೃಶ್ಯ. ಪೆಸಿಫಿಕ್ ಡೇಟಾ ಇಮೇಜಸ್ ಎಂಬ ಸಂಸ್ಥೆ ಮಾಡಿದ್ದು. ಈಗ ಮೊಬೈಲ್ ಆ್ಯಪ್‌ನಲ್ಲಿ ಅದನ್ನೇ ಮಾಡಲು ಹೋದರೆ ಮೂಗಿನ ಹತ್ತಿರ ಮುಖ ಮೇಣದಂತೆ ಕರಗಿಹೋಗುತ್ತದೆ. ತಪ್ಪು ಆ್ಯಪ್‌ನದಲ್ಲ, ಶೂಟಿಂಗ್‌ನದು. ಮೂಲವನ್ನು ನೋಡಿ: ಎಲ್ಲರ ಕಣ್ಣೂ ಚೌಕಟ್ಟಿನ ಒಂದೇ ಎತ್ತರದಲ್ಲಿ, ಹಿನ್ನೆಲೆ ಒಂದೇ, ಬೆಳಕು ಒಂದೇ ಕಡೆಯಿಂದ, ಬಾಯಲ್ಲಿ ಅದೇ ಸಾಲು. ನೀವು ಮಾಡುವುದಾದರೆ ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು ಮುಟ್ಟಬೇಡಿ. ಒಂದೂವರೆ ಮೀಟರ್ ದೂರದಲ್ಲಿ ನೆಲಕ್ಕೆ ಟೇಪ್ ಅಂಟಿಸಿ ಎಲ್ಲರನ್ನೂ ಅಲ್ಲೇ ನಿಲ್ಲಿಸಿ. ಗಿಡ್ಡ ಇರುವವರ ಕಾಲ ಕೆಳಗೆ ಹಲಗೆ ಇಟ್ಟು ಕಣ್ಣಿನ ಮಟ್ಟ ಸರಿಮಾಡಿ. ಫೋಕಸ್, ಬೆಳಕಿನ ಮಟ್ಟ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಕಪ್ಪು ಮುಖ ಬಂದಾಗ ಮೊಬೈಲ್ ತಾನೇ ಬೆಳಕು ಏರಿಸಿ ಮೈಬಣ್ಣವನ್ನು ತಿಳಿ ಮಾಡಿಬಿಡುತ್ತದೆ. ಮೈಬಣ್ಣದ ಬಗ್ಗೆ ಮಾಡುವ ವಿಡಿಯೋದಲ್ಲಿ ಅದಕ್ಕಿಂತ ದೊಡ್ಡ ಅಪಚಾರ ಬೇಕೆ?

ಎರಡು, ಮುಖಗಳ ದೃಶ್ಯ ಮುಗಿದ ಮೇಲೆ ಬರುವ ಸುಮಾರು ನಾಲ್ಕು ನಿಮಿಷ. ಕಪ್ಪು ಚಿರತೆಯೊಂದು ಸೆಟ್ಟಿನಿಂದ ಹೊರಬಿದ್ದು ಜಾಕ್ಸನ್ ಆಗುತ್ತದೆ. ಹಾಡಿಲ್ಲ, ವಾದ್ಯವಿಲ್ಲ, ಒದ್ದೆ ಬೀದಿ, ಬೂಟಿನ ಸದ್ದು, ಸಿಟ್ಟಿನ ಕುಣಿತ. ಕಾರಿನ ಗಾಜು ಒಡೆಯುತ್ತಾನೆ. ಬಿಡುಗಡೆಯಾದಾಗ ಮನೆಮಂದಿಯೆಲ್ಲ ಕೂತು ನೋಡುವುದಕ್ಕೆ ಇದು ತಕ್ಕುದಲ್ಲವೆಂದು ಗಲಾಟೆಯಾಯಿತು, ಜಾಕ್ಸನ್ ಕ್ಷಮೆ ಕೇಳಿ ಆ ಭಾಗ ತೆಗೆಸಿದ. ಆಮೇಲೆ ಬಂದ ಆವೃತ್ತಿಯಲ್ಲಿ ಆ ಗಾಜುಗಳ ಮೇಲೆ ಜನಾಂಗದ್ವೇಷದ ಬೈಗುಳ, ಸ್ವಸ್ತಿಕದ ನಾಜಿ ಗುರುತು ಬರೆಸಿ ಒಡೆಯುವುದಕ್ಕೆ ಕಾರಣ ಕೊಟ್ಟರು. ಕಾರಣ ಬರೆಯದ ಮೊದಲ ಆವೃತ್ತಿಯೇ ಹೆಚ್ಚು ತಾಗುತ್ತದೆ. ಎಲ್ಲರೂ ಒಂದೇ ಎಂದು ನಗುನಗುತ್ತ ಹಾಡಿದವನು ಕ್ಯಾಮೆರಾ ಆಫ್ ಆದ ಮೇಲೆ ಒಳಗಿಟ್ಟುಕೊಂಡಿದ್ದನ್ನು ಹೊರಹಾಕಿದ ಹಾಗಿದೆ. ಶಾಲೆಯಲ್ಲಿ ತೋರಿಸುವಾಗ ಈ ಭಾಗ ಬಿಡಿ, ಅಶ್ಲೀಲವೆನಿಸುವ ಭಂಗಿಗಳಿವೆ.

ಮೈಬಣ್ಣದ ಮಾತು ಇಲ್ಲಿ ಹೇಳಲೇಬೇಕು. ‘ಬಿಲ್ಲಿ ಜೀನ್’ ಮತ್ತು ‘ಬ್ಲ್ಯಾಕ್ ಆರ್ ವೈಟ್’ ಒಂದಾದ ಮೇಲೊಂದು ಹಾಕಿದರೆ ಸಭೆಯಲ್ಲಿ ಯಾರಾದರೂ ‘ದುಡ್ಡು ಕೊಟ್ಟು ಬೆಳ್ಳಗಾದ’ ಎನ್ನುತ್ತಾರೆ. 1993ರ ಫೆಬ್ರುವರಿ 10ರಂದು ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಸಂದರ್ಶನದಲ್ಲಿ ಜಾಕ್ಸನ್ ತನಗೆ ಚರ್ಮದ ಬಣ್ಣ ಹೋಗುವ ರೋಗವಿದೆ ಎಂದು ಹೇಳಿದ. 2009ರ ಮರಣೋತ್ತರ ಪರೀಕ್ಷೆ ಅದನ್ನು ಖಚಿತಪಡಿಸಿತು. ನಮ್ಮ ಕಡೆ ತೊನ್ನು ಎನ್ನುತ್ತಾರಲ್ಲ, ಅದೇ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಸಾಯುತ್ತವೆ, ಬಿಳಿ ಮಚ್ಚೆ ಹರಡುತ್ತದೆ. ಮುಟ್ಟಿದರೆ ಬರುವ ರೋಗವಲ್ಲ. ಮಚ್ಚೆ ಕಡಿಮೆಯಿದ್ದಾಗ ಕಪ್ಪು ಮೇಕಪ್‌ನಿಂದ ಮುಚ್ಚಬಹುದು, ಬಿಳಿಯೇ ಹೆಚ್ಚಾದಾಗ ಉಳಿದ ಕಪ್ಪನ್ನು ಮುಚ್ಚುವುದು ಸುಲಭ. ತೊನ್ನು ಬಂದ ಹುಡುಗಿಗೆ ಇನ್ನೂ ಗಂಡು ಸಿಗುವುದು ಕಷ್ಟವಾಗಿರುವ ನಮ್ಮ ಊರುಗಳಲ್ಲಿ ಅರ್ಧ ಮುಖಕ್ಕೆ ಮಸಿ, ಅರ್ಧ ಮುಖಕ್ಕೆ ಬಿಳಿ ಬಳಿದು ಜಾಕ್ಸನ್ ಎಂದು ಸ್ಟೇಜಿಗೆ ಹತ್ತಿಸುವುದನ್ನು ನಿಲ್ಲಿಸಬೇಕು. ಸಭೆಯಲ್ಲಿ ಆ ಮಚ್ಚೆಯ ಮಗು ಕೂತಿರುತ್ತದೆ.

‘ರಿಮೆಂಬರ್ ದ ಟೈಮ್’ (1992) ಮೇಲಿನ ಅಳತೆಯಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ. ಕಪ್ಪು ನಿರ್ದೇಶಕ ಜಾನ್ ಸಿಂಗಲ್‌ಟನ್, ಪ್ರಾಚೀನ ಈಜಿಪ್ಟಿನ ಅರಮನೆ. ರಾಜ ಎಡ್ಡಿ ಮರ್ಫಿ, ರಾಣಿ ಸೋಮಾಲಿಯಾದಲ್ಲಿ ಹುಟ್ಟಿದ ಇಮಾನ್, ಆಸ್ಥಾನದವನಾಗಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್. ಹಾಲಿವುಡ್ ಈಜಿಪ್ಟಿನ ರಾಣಿ ಎಂದರೆ ಬಿಳಿ ನಟಿಗೆ ಕಾಡಿಗೆ ಹಚ್ಚಿ ಕೂರಿಸುತ್ತಿದ್ದ ಕಾಲ ನೆನೆದರೆ, ಸಿಂಹಾಸನದಲ್ಲಿ ಇವರನ್ನು ಕೂರಿಸಿದ್ದೇ ದೊಡ್ಡ ಮಾತು. ನೃತ್ಯ ಸಂಯೋಜನೆ ಫಾತಿಮಾ ರಾಬಿನ್ಸನ್ ಅವರದು: ಗೋಡೆಚಿತ್ರದ ಭಂಗಿಗೆ ಹಿಪ್‌ಹಾಪ್ ಕಾಲು. ಗ್ಯಾದರಿಂಗ್‌ಗೆ ಹತ್ತು ಹನ್ನೆರಡು ಮಂದಿಯ ತಂಡಕ್ಕೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ವೇಗ ನಿಮಿಷಕ್ಕೆ ಸುಮಾರು 108, ಜಿಗಿತ ಕಡಿಮೆ. ಕೆಡುವುದು ಕೈಯಲ್ಲಿ. ಮೊಳಕೈ ಭುಜದ ಮಟ್ಟಕ್ಕಿಂತ ಕೆಳಗಿಳಿದರೆ, ಮಣಿಕಟ್ಟು ಸಡಿಲಾದರೆ ಗೋಡೆಚಿತ್ರ ಹೋಗಿ ಕೈಬೀಸಾಟ ಉಳಿಯುತ್ತದೆ. ತಾಲೀಮಿನ ಮೊದಲ ವಾರ ಗೋಡೆಗೆ ಬೆನ್ನು ಹಚ್ಚಿ ಮೊಳಕೈ ಗೋಡೆ ಬಿಡದಂತೆ ಬರೀ ಕೈ ಕಲಿಸಿ, ಕಾಲು ಆಮೇಲೆ.

ಇನ್ನು ಎಲ್ಲಕ್ಕಿಂತ ಮೇಲಿನದು. ‘ದೇ ಡೋಂಟ್ ಕೇರ್ ಅಬೌಟ್ ಅಸ್’, 1996, ನಿರ್ದೇಶಕ ಸ್ಪೈಕ್ ಲೀ. ಎರಡು ವಿಡಿಯೋಗಳಿವೆ. ಜೈಲಿನಲ್ಲಿ ತೆಗೆದದ್ದರಲ್ಲಿ ನಿಜವಾದ ಹಿಂಸೆಯ ಸುದ್ದಿಚಿತ್ರಗಳಿವೆ, ಮಕ್ಕಳಿಗೆ ಬೇಡ. ಬೇಕಾದದ್ದು ಬ್ರೆಜಿಲ್‌ನದು. ಅದು ಶುರುವಾಗುವುದೇ ‘ಮೈಕೆಲ್, ಅವರಿಗೆ ನಮ್ಮ ಚಿಂತೆಯಿಲ್ಲ’ ಎಂದು ಪೋರ್ಚುಗೀಸಿನಲ್ಲಿ ಹೇಳುವ ಹೆಣ್ಣು ದನಿಯಿಂದ. ಅರ್ಧ ಚಿತ್ರೀಕರಣ ರಿಯೊ ನಗರದ ಸಾಂಟಾ ಮಾರ್ಟಾ ಎಂಬ ಗುಡ್ಡದ ಕೊಳೆಗೇರಿಯಲ್ಲಿ, ಇನ್ನರ್ಧ ಸಾಲ್ವಡಾರ್ ನಗರದ ಪೆಲೊರಿನ್ಯೊ ಚೌಕದಲ್ಲಿ. ಒಂದು ಕಾಲಕ್ಕೆ ಆಫ್ರಿಕಾದಿಂದ ತಂದ ಗುಲಾಮರನ್ನು ಎಲ್ಲರೆದುರು ಛಡಿಯಿಂದ ಹೊಡೆಯುತ್ತಿದ್ದ ಜಾಗ ಅದು. ಅದೇ ಕಲ್ಲುಹಾಸಿನ ಮೇಲೆ ಅವರ ಮೊಮ್ಮಕ್ಕಳ ಡೋಲಿನ ತಂಡ ಒಲೊಡುಮ್ ನಿಂತಿದೆ, ಸುಮಾರು ಇನ್ನೂರು ಮಂದಿ.

ಒಲೊಡುಮ್ 1979ರಲ್ಲಿ ಹುಟ್ಟಿದ ತಂಡ. ಬ್ರೆಜಿಲ್‌ನ ಸಾಂಬಾ ಮತ್ತು ಜಮೈಕಾದ ರೆಗೆ ಬೆರೆಸಿದ ಬಡಿತ ಅವರ ಹೆಸರಿಗೇ ಅಂಟಿದೆ. ಜಾಕ್ಸನ್ ಬರುವ ಮೊದಲೇ ಅಮೆರಿಕದ ಗಾಯಕ ಪಾಲ್ ಸೈಮನ್ ಜೊತೆ ನುಡಿಸಿ ಹೆಸರಾಗಿದ್ದರು. ಇಲ್ಲಿ ಅವರು ಹಿನ್ನೆಲೆಯಲ್ಲ. ಆಲ್ಬಮ್ಮಿನ ಧ್ವನಿಮುದ್ರಣದ ಮೇಲೆ ಅವರ ಡೋಲು ಸೇರಿಸಿ ಹಾಡನ್ನೇ ಮರುಕಟ್ಟಿದ್ದಾರೆ. ಹೆಡ್‌ಫೋನ್ ಹಾಕಿ ಎರಡೂ ವಿಡಿಯೋ ಒಂದಾದ ಮೇಲೊಂದು ಕೇಳಿ, ವ್ಯತ್ಯಾಸ ಎದೆಗೇ ತಿಳಿಯುತ್ತದೆ. ಜಾಕ್ಸನ್ ಮೈಮೇಲೆ ಇರುವುದು ಆ ತಂಡದ ಟೀ ಶರ್ಟು. ಕೈಸನ್ನೆ ಕೊಡುವ ಮುಂದಾಳನ್ನು ಗಮನಿಸಿ: ಡೋಲಿನವರು ಅವನ ಕೈ ನೋಡಿಯೇ ಬಾರಿಸುತ್ತಾರೆ. ಮಧ್ಯೆ ಒಬ್ಬ ಹೆಂಗಸು ಕಾವಲು ದಾಟಿ ಓಡಿಬಂದು ಅವನನ್ನು ತಬ್ಬುತ್ತಾಳೆ, ಇನ್ನೊಂದು ನೂಕುನುಗ್ಗಲಿನಲ್ಲಿ ಅವನು ನೆಲಕ್ಕೆ ಬೀಳುತ್ತಾನೆ, ಪೊಲೀಸರು ಎಬ್ಬಿಸುತ್ತಾರೆ. ಬರೆದ ದೃಶ್ಯವಲ್ಲ, ನಿಜವಾಗಿ ಆದದ್ದು. ಲೀ ಅದನ್ನು ಹಾಗೇ ಉಳಿಸಿಕೊಂಡರು. ರಿಯೊ ಅಧಿಕಾರಿಗಳು ಕೊಳೆಗೇರಿ ತೋರಿಸಿದರೆ ಊರಿನ ಮರ್ಯಾದೆ ಹೋಗಿ 2004ರ ಒಲಿಂಪಿಕ್ಸ್ ಕೈತಪ್ಪುತ್ತದೆ ಎಂದು ಚಿತ್ರೀಕರಣ ತಡೆಯಲು ನೋಡಿದರು. ಅದೇ ಸಾಂಟಾ ಮಾರ್ಟಾದಲ್ಲಿ 2010ರಿಂದ ಜಾಕ್ಸನ್‌ನ ಕಂಚಿನ ಪ್ರತಿಮೆ ಇದೆ, ಪ್ರವಾಸಿಗರು ಹುಡುಕಿಕೊಂಡು ಹೋಗುತ್ತಾರೆ.

ಬಾಗಲಕೋಟೆಯವರಿಗೆ ಈ ವಿಡಿಯೋ ಬೇರೆಯೇ ರೀತಿ ಕೇಳಿಸೀತು. ಹೋಳಿಯಲ್ಲಿ ಓಣಿ ಓಣಿಯ ಹಲಗೆ (ಚರ್ಮವಾದ್ಯ) ತಂಡಗಳು ಎದುರಾದಾಗ ಹುಟ್ಟುವ ಬಡಿತದ ಮಜಲು, ಬಂಡಿಯ ಮೇಲಿನ ಬಣ್ಣದ ಬ್ಯಾರಲ್, ಜನರ ಮಧ್ಯದಲ್ಲೇ ನುಡಿ ಬದಲಾಗುವುದು ಇವೆಲ್ಲ ಅವರ ಕಿವಿಯಲ್ಲಿವೆ. ಆಲ್ಬಂ ಸಾಂಗ್ ಮಾಡುವವರು ಇಲ್ಲಿಂದ ಎತ್ತಿಕೊಳ್ಳಬೇಕಾದದ್ದು ಇದನ್ನೇ. ಈಗ ಬರುವ ಬಹುಪಾಲು ಹಾಡುಗಳಲ್ಲಿ ಹಲಗೆ ಕೀಬೋರ್ಡಿನಿಂದ ಬರುತ್ತದೆ, ಪರದೆಯ ಮೇಲೆ ಹಲಗೆ ಹಿಡಿದವನು ಸುಮ್ಮನೆ ಕೈ ಆಡಿಸುತ್ತಾನೆ. ಲಂಬಾಣಿ ಹಾಡೆಂದರೆ ಬಾಡಿಗೆ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಉಟ್ಟ ಬೇರೆ ಹುಡುಗಿಯರು. ವಿಜಯಪುರ ಜಿಲ್ಲೆಯಲ್ಲಿ ಎಷ್ಟೊಂದು ತಾಂಡಾಗಳಿವೆ! ಆ ಹೆಣ್ಣುಮಕ್ಕಳನ್ನೇ ಕರೆದು, ದಿನದ ಸಂಭಾವನೆ ಮೊದಲೇ ಮಾತಾಡಿ, ಅವರ ಹಾಡಿನ ಒಂದು ನುಡಿಯನ್ನಾದರೂ ಅವರ ದನಿಯಲ್ಲೇ ಇಟ್ಟರೆ ವಿಡಿಯೋದ ತೂಕ ಬೇರೆಯಾಗುತ್ತದೆ.

ಹಲಗೆ ನಿಜವಾಗಿ ಧ್ವನಿಮುದ್ರಿಸುವವರಿಗೆ ನಾಲ್ಕು ಮಾತು. ಚರ್ಮ ಕಾಯಿಸಿ ಬಿಗಿ ಮಾಡಿದ್ದು ಹೊತ್ತು ಹೋದಂತೆ ತಣಿದು ಸಡಿಲಾಗುತ್ತದೆ, ಮೊದಲ ಟೇಕಿನ ನಾದ ಆಮೇಲೆ ಇರುವುದಿಲ್ಲ. ಹೊರಗೆ ಬೆಂಕಿ ಹಾಕಿಟ್ಟು ಎರಡು ಟೇಕಿಗೊಮ್ಮೆ ಕಾಯಿಸಲು ಬಿಡಿ. ಮೈಕನ್ನು ಎರಡು ಮೂರು ಮೀಟರ್ ದೂರ ಇಡಿ. ಹತ್ತಿರವಿಟ್ಟರೆ ಪ್ರತಿ ಏಟೂ ಒಡೆದು ಚಟಚಟ ಎನ್ನುತ್ತದೆ, ಒಡೆದ ಧ್ವನಿಯನ್ನು ಎಡಿಟಿಂಗ್‌ನಲ್ಲಿ ಸರಿಮಾಡಲಾಗದು. ಅತಿ ಜೋರಿನ ಏಟಿಗೆ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಳಿಸಿ. ತಂಡದವರಿಗೆ ಹಾಡಿನ ಟ್ರ್ಯಾಕ್ ಕೇಳಿಸಿ ಅದಕ್ಕೆ ಬಾರಿಸಿ ಎನ್ನುವುದಕ್ಕಿಂತ, ಅವರು ಬಾರಿಸಿದ್ದನ್ನು ಮೊದಲು ಹಿಡಿದು ಅದರ ಮೇಲೆ ಹಾಡು ಕಟ್ಟುವುದು ಒಳ್ಳೆಯದು.

ಜಾಗದ ಅನುಮತಿ ಮರೆಯಬೇಡಿ. ಗೋಳಗುಮ್ಮಟ, ಬಾದಾಮಿ ಗುಹೆ, ಪಟ್ಟದಕಲ್ಲು ಪುರಾತತ್ವ ಸರ್ವೇಕ್ಷಣ ಇಲಾಖೆಯವು. ಅಲ್ಲಿ ವಿಡಿಯೋ ಶೂಟಿಂಗಿಗೆ ಮೊದಲೇ ಅರ್ಜಿ, ಶುಲ್ಕ ಬೇಕು. ಸ್ಟ್ಯಾಂಡ್ ನಿಲ್ಲಿಸಿದ ಕೂಡಲೇ ಕಾವಲುಗಾರ ಬರುತ್ತಾನೆ, ಡ್ರೋನ್ ಅಂತೂ ಅನುಮತಿಯಿಲ್ಲದೆ ಹಾರಿಸುವ ಹಾಗೇ ಇಲ್ಲ.

ಉಳಿದ ವಿಡಿಯೋಗಳನ್ನು ಬೇಗ ಹೇಳಿ ಮುಗಿಸಬಹುದು. ತಂಗಿ ಜಾನೆಟ್ ಜೊತೆಗಿನ ‘ಸ್ಕ್ರೀಮ್’ (1995, ನಿರ್ದೇಶಕ ಮಾರ್ಕ್ ರೊಮಾನೆಕ್) ಸುಮಾರು 70 ಲಕ್ಷ ಡಾಲರ್ ಖರ್ಚಿನ ಕಪ್ಪು ಬಿಳುಪು ವಿಡಿಯೋ. ದುಡ್ಡು ಕಾಣುತ್ತದೆ, ಅಣ್ಣ ತಂಗಿಯ ಸಿಟ್ಟೂ ಕಾಣುತ್ತದೆ. ಸ್ಟ್ಯಾನ್ ವಿನ್‌ಸ್ಟನ್ ನಿರ್ದೇಶಿಸಿದ ‘ಘೋಸ್ಟ್ಸ್’ 40 ನಿಮಿಷದ ಹತ್ತಿರ. ತನ್ನನ್ನು ಊರಿಂದ ಓಡಿಸಲು ಬರುವ ದಪ್ಪ ಬಿಳಿಯ ಮೇಯರ್ ಪಾತ್ರವನ್ನೂ ಜಾಕ್ಸನ್ನೇ ಮಾಡಿದ್ದಾನೆ, ಇದು ತಿಳಿಯದೆ ನೋಡಿ ಆಮೇಲೆ ತಿಳಿದರೆ ಬೆರಗು. ಶಾಲೆಗಳಲ್ಲಿ ತೋರಿಸುವ ಮಾಸ್ತರರಿಗೆ ಇದೂ ಗೊತ್ತಿರಬೇಕು: ಜಾಕ್ಸನ್ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪಗಳಿದ್ದವು, 2005ರಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತು, 2019ರ ಸಾಕ್ಷ್ಯಚಿತ್ರವೊಂದರಿಂದ ಚರ್ಚೆ ಮತ್ತೆ ಎದ್ದಿತು. ದೊಡ್ಡ ಮಕ್ಕಳು ಕೇಳುತ್ತಾರೆ, ಮುಚ್ಚಿಡದೆ ಹೇಳುವುದು ಒಳ್ಳೆಯದು.

ಹಾಲ್‌ನಲ್ಲಿ ತೋರಿಸುವಾಗ ಆಗುವ ತೊಂದರೆಗಳು. ಬ್ಲೂಟೂತ್ ಸ್ಪೀಕರ್ ಬೇಡ. ಧ್ವನಿ 150ರಿಂದ 200 ಮಿಲಿಸೆಕೆಂಡ್ ತಡವಾಗಿ ಬರಬಹುದು. ‘ಬಿಲ್ಲಿ ಜೀನ್’ ನಿಮಿಷಕ್ಕೆ 117 ಬಡಿತ, ಒಂದು ಬಡಿತಕ್ಕೆ ಅರ್ಧ ಸೆಕೆಂಡಿನಷ್ಟು; ಅಂದರೆ ಕಾಲು ಬಿದ್ದು ಮೂರನೇ ಒಂದು ಬಡಿತ ಕಳೆದ ಮೇಲೆ ಸದ್ದು. ಅದನ್ನು ನೋಡಿ ಕಲಿತ ತಂಡ ಸ್ಟೇಜಿನಲ್ಲಿ ಯಾವಾಗಲೂ ಮುಂದೋಡುತ್ತದೆ. ವೈರ್ ಹಾಕಿ. ಹಳೆಯ ವಿಡಿಯೋಗಳು ಚೌಕಾಕಾರದವು, ಪ್ರೊಜೆಕ್ಟರ್ ಅವನ್ನು ಅಡ್ಡಕ್ಕೆ ಎಳೆದರೆ ನರ್ತಕರೆಲ್ಲ ಗಿಡ್ಡ ದಪ್ಪ ಕಾಣುತ್ತಾರೆ. ಸೆಟ್ಟಿಂಗ್‌ನಲ್ಲಿ 4:3 ಮಾಡಿ, ಪಕ್ಕದ ಕಪ್ಪು ಪಟ್ಟಿ ಇರಲಿ. ಕಂಪ್ಯೂಟರಿನಲ್ಲಿ ವಿಡಿಯೋ ನಿಲ್ಲಿಸಿ ಅಲ್ಪವಿರಾಮ, ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಚಿತ್ರ ಹಿಂದೆ ಮುಂದೆ ಸರಿಯುತ್ತದೆ, ಪಾದದ ಕೆಲಸ ಕಲಿಯಲು ಅದೇ ಬೇಕು. ಎದುರು ನಿಂತ ನರ್ತಕನ ಬಲ ನಿಮ್ಮ ಎಡ. ಅರ್ಧ ತಂಡ ಹಾಗೆ, ಅರ್ಧ ಹೀಗೆ ಕಲಿತು ಕೊನೆಗೆ ಡಿಕ್ಕಿಯಾಗುವುದು ಮಾಮೂಲು. ಮೊದಲ ದಿನವೇ ಯಾವ ಕಡೆ ಎಂದು ತೀರ್ಮಾನಿಸಿ.

ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರಷ್ಟೇ ಇರುವ ಗ್ಯಾದರಿಂಗ್‌ನಲ್ಲಿ ಈ ಹಾಡುಗಳಿಗೆ ಕುಣಿಯಲು ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ. ಅದೇ ಐಟಂ ಟಿಕೆಟ್ ಇಟ್ಟು ಸಾರ್ವಜನಿಕರಿಗೆ ಮಾಡಿದರೆ ಪರವಾನಗಿ ಬೇಕು. ಯೂಟ್ಯೂಬಿಗೆ ಹಾಕಿದರೆ ಮೂಲ ಧ್ವನಿ ಗುರುತಾಗಿ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೋವೇ ಕಾಣದಾಗುತ್ತದೆ.

ಒಂದು ಸಂಜೆ ಕಾಲೇಜು ತಂಡಕ್ಕೆ ತೋರಿಸುವುದಾದರೆ ಈ ಕ್ರಮ ಇರಲಿ: ‘ಬಿಲ್ಲಿ ಜೀನ್’, ಪೂರ್ತಿ ‘ಬ್ಯಾಡ್’, ‘ಬ್ಲ್ಯಾಕ್ ಆರ್ ವೈಟ್’, ‘ರಿಮೆಂಬರ್ ದ ಟೈಮ್’, ಕೊನೆಗೆ ಬ್ರೆಜಿಲ್. ಒಟ್ಟು ಮುಕ್ಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಒಡಿಸ್ಸಿಯ ತುಣುಕನ್ನೂ ಒಲೊಡುಮ್‌ನ ಡೋಲನ್ನೂ ಒಂದೇ ದಿನ ನೋಡಿದವರ ಜೊತೆ ಮಾತು ಬೆಳೆಸುವುದು ಸುಲಭ. ‘ಥ್ರಿಲ್ಲರ್’ ಬಿಟ್ಟದ್ದು ಬೇಕೆಂದೇ. ಅದನ್ನು ಹುಡುಗರು ಹೇಗೂ ಮನೆಯಲ್ಲಿ ನೋಡಿರುತ್ತಾರೆ.